ಮುಳ್ಳು ಓಡಿದರೆ ಸಾಕೇ?

ಬೈಕಿನ ಮೀಟರ್ ಬಿಚ್ಚಿ ಜೀಪಿಗೆ ಕೂಡಿಸೋದು ತಪ್ಪೇ? ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾವುದಾದರೂ ಗ್ಯಾರೇಜಿನ ಮುಂದೆ ಚಹಾ ಕುಡೀತಾ ನಿಂತರೆ ಒಂದಲ್ಲ ಒಂದು ದಿನ ಈ ವಾದ ಕಿವಿಗೆ ಬೀಳ್ತದೆ. ಒಬ್ಬರು "ಕಂಪನಿ ಮಾಲೇ ಹಾಕಬೇಕ್ರಿ, ಇಲ್ಲಂದ್ರ ಗಾಡಿ ಮಾನ ಹೋಗ್ತೈತಿ" ಅಂತಾರೆ. ಇನ್ನೊಬ್ಬರು "ಮುಳ್ಳ ಓಡಾಕತ್ತೈತಿಲ್ರಿ ಅಣ್ಣಾರ, ಮತ್ತೇನ್ ಬೇಕು?" ಅಂತ ನಗ್ತಾರೆ. ನನ್ನ ಪ್ರಕಾರ ಇಬ್ಬರದೂ ತಪ್ಪು. ಮೊದಲಿನವರದು ಸಣ್ಣ ತಪ್ಪು. ಎರಡನೆಯವರದು ದೊಡ್ಡದು, ಯಾಕಂದ್ರೆ ಅದರಲ್ಲಿ ಜೀವದ ಪ್ರಶ್ನೆ ಇದೆ.

ಮೊದಲು ಕಂಪನಿ ಮಾಲಿನವರ ಮಾತಿಗೆ ಬರ್ತೀನಿ. ನಮ್ಮ ಕಡೆ ಹಳೆ ಗಾಡಿ ಎತ್ತಿ ಕಟ್ಟೋರು ಯಾರು? ಮ್ಯೂಸಿಯಂ ಇಟ್ಟವರಲ್ಲ. ಅಪ್ಪನ ಕಾಲದ ಕಮಾಂಡರ್ ಜೀಪು ಹಿತ್ತಲಲ್ಲಿ ಜಂಗು ತಿಂತಾ ನಿಂತಿರ್ತದೆ, ಮಗನಿಗೆ ಅದನ್ನ ಮತ್ತೆ ರಸ್ತೆಗೆ ತರಬೇಕು ಅಂತ ಹುಕಿ ಬರ್ತದೆ. ಎಂಜಿನ್ ಬೋರ್ ಆಗ್ತದೆ, ತಗಡಿನ ಕೆಲಸ ಆಗ್ತದೆ, ಬಣ್ಣ ಆಗ್ತದೆ. ಆಮೇಲೆ ಡ್ಯಾಶ್‌ಬೋರ್ಡ್ ನೋಡಿದರೆ ಮೀಟರ್ ಜಾಗದಲ್ಲಿ ಒಂದು ತೂತು. ಒಳಗಿನದು ಯಾವತ್ತೋ ಸತ್ತಿರ್ತದೆ. ಅದೇ ಮೀಟರ್ ಹುಡುಕಿಕೊಂಡು ಗದಗ, ಹುಬ್ಬಳ್ಳಿ ತಿರುಗಿದರೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಬೈಕಿನ ಮೀಟರ್ ಹಾಗಲ್ಲ. ಮನೆಗೊಂದು ಬೈಕು ಇರೋ ಊರಲ್ಲಿ ಅದರ ಮೀಟರ್ ಅಂಗಡಿಯಲ್ಲೂ ಸಿಗ್ತದೆ, ಗುಜರಿಯಲ್ಲೂ ಸಿಗ್ತದೆ. ಕೈಗೆ ಸಿಕ್ಕಿದ್ದನ್ನ ಬಳಸೋದರಲ್ಲಿ ನಾಚಿಕೆ ಪಡೋದೇನೂ ಇಲ್ಲ.

ಇನ್ನೂ ಒಂದು ಮಾತು ಹೇಳಬೇಕು. ತೆರೆದ ಜೀಪಿಗೆ ಬೈಕಿನ ಮೀಟರ್ ಕಾರಿನ ಮೀಟರಿಗಿಂತ ಚೆನ್ನಾಗೇ ಬಾಳಿಕೆ ಬರ್ತದೆ. ಕಾರಿನ ಮೀಟರ್ ಗಾಜಿನ ಹಿಂದೆ, ಛಾವಣಿಯ ಕೆಳಗೆ ಕೂರಲಿಕ್ಕೆ ಹುಟ್ಟಿದ್ದು. ಬೈಕಿನದು ಮಳೆ, ಬಿಸಿಲು, ಧೂಳು, ಕುಲುಕಾಟ ಎಲ್ಲಾ ತಿಂದುಕೊಂಡು ಇರಲಿಕ್ಕೆ ಮಾಡಿದ್ದು. ಕಡ್ಲಿ, ಜೋಳದ ಸುಗ್ಗಿಯಲ್ಲಿ ಎರಿ ಹೊಲದ ದಾರಿಯ ಧೂಳು ಎಂಥಾದ್ದು ಅಂತ ನಮ್ಮವರಿಗೆ ಹೇಳಬೇಕಿಲ್ಲ. ಅದಕ್ಕೇ ಅದನ್ನ ಮುಚ್ಚಿ ಬಿಗಿ ಮಾಡಿರ್ತಾರೆ, ರಬ್ಬರಿನ ಮೇಲೆ ಕೂಡಿಸಿರ್ತಾರೆ, ನಡು ಮಧ್ಯಾಹ್ನದ ಬಿಸಿಲಲ್ಲೂ ಅಂಕಿ ಕಾಣೋ ಹಾಗೆ ಬರೆದಿರ್ತಾರೆ. ನಮ್ಮ ಆಟೋರಿಕ್ಷಾ ಹುಟ್ಟಿದ್ದೇ ಸ್ಕೂಟರಿನಿಂದ. ಅದರಲ್ಲಿ ಕೂತಾಗ ಮೀಟರ್ ಎಲ್ಲಿಂದ ಬಂತು ಅಂತ ಯಾರೂ ಕೇಳೋದಿಲ್ಲ. ಹಾಗಾಗಿ ಗಾಡಿ ಮಾನದ ಮಾತು ಇಲ್ಲಿಗೆ ಬಿಡೋಣ.

ಈಗ ದೊಡ್ಡ ತಪ್ಪು. "ಮುಳ್ಳು ಓಡಾಕತ್ತೈತಿ" ಅನ್ನೋರದು.

ಗೇಜ್ ಅಂದ ಕೂಡಲೇ ನಮ್ಮ ಮಂದಿಗೆ ಮೊದಲು ನೆನಪಾಗೋದು ರೈಲು. ಹೊಳೆಆಲೂರಿನ ಮೇಲೆ ಹಾಯೋ ಗದಗ-ಸೊಲ್ಲಾಪುರ ಲೈನು 2000ರ ದಶಕದಲ್ಲಿ ಮೀಟರ್ ಗೇಜಿನಿಂದ ಬ್ರಾಡ್ ಗೇಜ್ ಆಯ್ತು. ಹಳಿ ಅಗಲ ಆದಮೇಲೆ ಹಳೆ ಬೋಗಿ ಅದರ ಮೇಲೆ ಓಡಲಿಲ್ಲ, ಅದನ್ನ ಯಾರೂ ಓಡಿಸಲಿಕ್ಕೆ ಹೋಗಲೂ ಇಲ್ಲ. ಅಳತೆ ಬೇರೆ ಅಂತ ಕಣ್ಣಿಗೇ ಕಾಣ್ತಿತ್ತು. ಮೀಟರಿನ ಗೇಜು ಹಾಗೆ ಕಣ್ಣಿಗೆ ಕಾಣೋದಿಲ್ಲ, ಅದೇ ತೊಂದರೆ. ಅಳತೆ ಬೇರೆ ಆದರೂ ಕೇಬಲ್ ಹೇಗೋ ಕೂಡ್ತದೆ, ಮುಳ್ಳು ಹೇಗೋ ಏಳ್ತದೆ.

ಒಳಗೆ ನಡೆಯೋದು ಇಷ್ಟು. ಗಾಲಿಯಿಂದಲೋ ಗಿಯರ್ ಬಾಕ್ಸಿನಿಂದಲೋ ಕೇಬಲ್ ಬರ್ತದೆ, ಅದರ ಒಳಗಿನ ತಂತಿ ತಿರುಗ್ತದೆ. ಆ ತಂತಿಯ ತುದಿಗೆ ಮೀಟರಿನೊಳಗೆ ಒಂದು ಅಯಸ್ಕಾಂತ. ಅಯಸ್ಕಾಂತದ ಸುತ್ತ, ಅದಕ್ಕೆ ತಾಕದ ಹಾಗೆ, ಅಲ್ಯುಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲನ್ನೂ ಎಳೀತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗು ಅದನ್ನ ಹಿಂದಕ್ಕೆ ಜಗ್ತದೆ. ಎರಡರ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಲ್ತದೋ ಅದೇ ವೇಗ. 1902ರಲ್ಲಿ ಜರ್ಮನಿಯ ಓಟ್ಟೋ ಶುಲ್ಸೆ ಪೇಟೆಂಟ್ ಮಾಡಿದ ಯುಕ್ತಿ ಇದು, ನೂರು ವರ್ಷ ಜಗತ್ತನ್ನೆಲ್ಲಾ ಓಡಿಸಿತು. ಅಂದರೆ ಮುಳ್ಳಿಗೆ ಗಾಡಿಯ ವೇಗ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ತಂತಿ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಅನ್ನೋದಷ್ಟೇ. ಎಷ್ಟು ಸುತ್ತಿಗೆ ಎಷ್ಟು ಕಿಲೋಮೀಟರ್ ಅಂತ ತೀರ್ಮಾನ ಮಾಡಿ ಅಂಕಿ ಬರೆದವರು ಆ ಮೀಟರ್ ಮಾಡಿದವರು, ಅವರ ತಲೆಯಲ್ಲಿದ್ದ ಗಾಡಿಗೆ.

ಜಪಾನಿನ ಪದ್ಧತಿಯಲ್ಲಿ ಕಾರಿನ ಮೀಟರಿಗೆ ಕಿಲೋಮೀಟರಿಗೆ 637 ಸುತ್ತು, ಬೈಕಿನ ಮೀಟರಿಗೆ 1400 ಸುತ್ತು. ಎಷ್ಟೋ ಮೀಟರುಗಳ ಮುಖದ ಮೇಲೆ ಸಣ್ಣಕ್ಷರದಲ್ಲಿ ಈ ಸಂಖ್ಯೆ ಬರೆದೇ ಇರ್ತದೆ, ನಾವು ನೋಡೋದಿಲ್ಲ. ಈಗ 637 ಸುತ್ತಿನ ಕೇಬಲಿಗೆ 1400ರ ಮೀಟರ್ ಕೂಡಿಸಿದಿರಿ ಅಂತಿಟ್ಟುಕೊಳ್ಳಿ. ಗಾಡಿ ನಿಜಕ್ಕೂ 60ರಲ್ಲಿ ಓಡುವಾಗ ಮೀಟರ್ ತೋರಿಸೋದು 27. ಮುಳ್ಳು 60ಕ್ಕೆ ಬರಬೇಕಾದರೆ ಗಾಡಿ 130ರ ಮೇಲೆ ಓಡಬೇಕು! ಹಳೆ ಜೀಪು ಅಷ್ಟು ಓಡೋದಿಲ್ಲ ಅಂತ ನೀವು ನಗಬಹುದು. ಸರಿ, ಆದರೆ ನರಗುಂದದ ಮೇಲೆ ಹಾಯೋ ಹುಬ್ಬಳ್ಳಿ-ವಿಜಯಪುರ ಹೆದ್ದಾರಿ (ಹಳೆಯ 218, ಈಗಿನ 52) ನೆನಪು ಮಾಡಿಕೊಳ್ಳಿ. ಸಪಾಟು ಎರಿ ನೆಲ, ಕಣ್ಣು ಹಾಯೋವರೆಗೂ ನೆಟ್ಟಗಿನ ರಸ್ತೆ. ಅಂಥಲ್ಲಿ ವೇಗ ಮೈಗೆ ತಿಳಿಯೋದಿಲ್ಲ. ಮೀಟರ್ 35 ತೋರಿಸ್ತದೆ, ಜೀಪು 75ರ ಮೇಲೆ ಇರ್ತದೆ. ಹಿಂದೆ ನಾಲ್ಕು ಹುಡುಗರು ಕೂತಿರ್ತಾರೆ, ಎದುರಿಗೆ ರೇಡಿಯಂ ಪಟ್ಟಿ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇರ್ತದೆ. ಹಳೆ ಜೀಪಿನ ಬ್ರೇಕು ಎಂಥಾದ್ದು ಅಂತ ಬೇರೆ ಹೇಳಬೇಕಾ? ಮೀಟರ್ ಇಲ್ಲದೇ ಇದ್ದಿದ್ದರೆ ಡ್ರೈವರ್ ಅಂದಾಜಿನ ಮೇಲೆ, ಹೆದರಿಕೆಯ ಮೇಲೆ ಓಡಿಸ್ತಿದ್ದ. ಸುಳ್ಳು ಮೀಟರ್ ಆ ಹೆದರಿಕೆಯನ್ನೇ ತೆಗೆದುಬಿಡ್ತದೆ. ಅದಕ್ಕೇ ನಾನು ಹೇಳೋದು, ಸತ್ತ ಮೀಟರಿಗಿಂತ ಸುಳ್ಳು ಹೇಳೋ ಮೀಟರ್ ಕೆಟ್ಟದ್ದು.

ಇದಕ್ಕೆ ಮತ್ತೊಂದು ಸೇರ್ಕೋತದೆ, ದಪ್ಪ ಟೈರಿನ ಖಯಾಲಿ. ಜೀಪ್ ಕಟ್ಟಿದವರು ಮೊದಲು ಮಾಡೋ ಕೆಲಸವೇ ದೊಡ್ಡ ಟೈರ್ ಹಾಕೋದು. 26 ಇಂಚು ಎತ್ತರದ ಟೈರ್ ತೆಗೆದು 29 ಇಂಚಿನದು ಹಾಕಿದರೆ, ಸರಿ ಇದ್ದ ಮೀಟರೂ 60 ಅಂದಾಗ ಗಾಡಿ 67ರಲ್ಲಿರ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದು ಈ ಮೀಟರುಗಳ ಬಗ್ಗೆಯೇ ಇದೆ. ಕಾರಿನ ಮೀಟರ್ ಸ್ವಲ್ಪ ಹೆಚ್ಚು ತೋರಿಸಿದರೆ ಪರವಾಗಿಲ್ಲ, ನಿಜ ವೇಗಕ್ಕಿಂತ ಕಡಿಮೆ ಮಾತ್ರ ತೋರಿಸಕೂಡದು ಅಂತದೆ ಅದು. 60ರಲ್ಲಿ ಓಡುವಾಗ 60ರಿಂದ 70ರೊಳಗೆ ಏನು ತೋರಿಸಿದರೂ ಸೈ, 59 ತೋರಿಸಿದರೆ ಫೇಲು. ಎಷ್ಟು ಸರಿಯಾದ ತರ್ಕ ನೋಡಿ. ನಮ್ಮ ಗ್ಯಾರೇಜಿನ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ.

ಹಾಗಾದರೆ ಏನು ಮಾಡಬೇಕು? ಖರ್ಚೇನೂ ಇಲ್ಲ ಮಾರಾಯ್ರೇ, ಅರ್ಧ ಗಂಟೆ ಕೆಲಸ. ಮೀಟರ್ ಕಡೆಯ ಕೇಬಲ್ ತುದಿ ಬಿಚ್ಚಿ, ಒಳಗಿನ ತಂತಿಗೆ ಬಾವುಟದ ಹಾಗೆ ಒಂದು ಕಾಗದದ ಚೂರು ಅಂಟಿಸಿ. ರಸ್ತೆ ಮೇಲೆ ಟೇಪ್ ಹಿಡಿದು 50 ಮೀಟರ್ ಅಳೆದು ಗೆರೆ ಹೊಡೀರಿ. ಗಾಡಿಯನ್ನ ನ್ಯೂಟ್ರಲ್‌ನಲ್ಲಿ ದೂಡಿಸಿ ಬಾವುಟ ಎಷ್ಟು ಸುತ್ತು ತಿರುಗಿತು ಎಣಿಸಿ. ಅದನ್ನ 20ರಿಂದ ಗುಣಿಸಿದರೆ ಕಿಲೋಮೀಟರಿಗೆ ಎಷ್ಟು ಸುತ್ತು ಅಂತ ಬಂತು. 32 ಸುತ್ತಾದರೆ 640, ಅಂದರೆ 637ರ ಮೀಟರಿಗೆ ಹೊಂದ್ತದೆ. 1400ರ ಮೀಟರ್ ಬೇಕಂದರೆ ಅದೇ ದೂರಕ್ಕೆ 70 ಸುತ್ತು ಬರಬೇಕು. ಬರಲಿಲ್ಲ ಅಂದರೆ ನಡುವೆ ಸುತ್ತು ಹೆಚ್ಚಿಸೋ ಸಣ್ಣ ಗಿಯರ್ ಡಬ್ಬಿ ಕೂಡಿಸಬೇಕು. ಅದನ್ನ ಲೇಥ್ ಇದ್ದವರು ಮಾಡಿಕೊಡಬಲ್ಲರು. ಇಲ್ಲವೇ ಸಂಖ್ಯೆ ಹೊಂದೋ ಬೇರೆ ಮೀಟರ್ ಹುಡುಕಬೇಕು. ಮತ್ತೆ ತಂತಿ ಯಾವ ಕಡೆ ತಿರುಗ್ತದೆ ಅನ್ನೋದನ್ನೂ ನೋಡಿಕೊಳ್ಳಿ. ಉಲ್ಟಾ ತಿರುಗಿದರೆ ಮುಳ್ಳು ಸೊನ್ನೆಯ ಕೆಳಗೇ ಒತ್ತಿಕೊಂಡು ಕೂರ್ತದೆ.

ಸ್ಪ್ರಿಂಗ್ ಬಿಗಿ-ಸಡಿಲ ಮಾಡಿ, ಅಯಸ್ಕಾಂತದ ಬಲ ಹೆಚ್ಚು-ಕಡಿಮೆ ಮಾಡಿ ಮುಳ್ಳನ್ನ ದಾರಿಗೆ ತರೋ ಮೀಟರ್ ರಿಪೇರಿಯವರು ಇದ್ದಾರೆ. ಅವರ ಕೈಚಳಕಕ್ಕೆ ನಮಸ್ಕಾರ. ಈ ವಿದ್ಯೆ ಕಲಿಯೋ ಹುಡುಗರು ಈಗ ಕಡಿಮೆ, ಅದು ನನಗೆ ಬೇಸರದ ಸಂಗತಿಯೇ. ಆದರೆ ಅವರೂ ಒಂದನ್ನ ಮಾಡಲಾರರು. ಮುಳ್ಳಿನ ಕೆಳಗೆ ಕಿಲೋಮೀಟರ್ ಎಣಿಸೋ ಅಂಕಿಗಳಿವೆಯಲ್ಲ, ಅವು ಸ್ಪ್ರಿಂಗಿನ ಮೇಲೆ ನಡೆಯೋದಿಲ್ಲ, ಹಲ್ಲುಗಾಲಿಯ ಮೇಲೆ ನಡೀತವೆ. ಸುತ್ತು ತಪ್ಪಿದರೆ ಅವೂ ತಪ್ಪು. ಮೇಲಿನ ಉದಾಹರಣೆಯಲ್ಲೇ 100 ಕಿಲೋಮೀಟರ್ ಓಡಿದ ಗಾಡಿ 45 ಅಂತ ಬರೀತದೆ. ಆಗ ಲೀಟರಿಗೆ ಎಷ್ಟು ಕೊಡ್ತು ಅನ್ನೋ ಲೆಕ್ಕ ಸುಳ್ಳು, ಆಯಿಲ್ ಬದಲಿಸೋ ಲೆಕ್ಕ ಸುಳ್ಳು. ಇನ್ನು ಆ ಗಾಡಿ ಮಾರಿದಿರೋ, ಕೊಂಡವನಿಗೆ ಹೇಳಿದ್ದೂ ಸುಳ್ಳು. ಗುಜರಿಯಿಂದ ತಂದ ಮೀಟರಿನಲ್ಲಿ ಯಾರದೋ ಬೈಕಿನ 18 ಸಾವಿರ ಕಿಲೋಮೀಟರ್ ಇರ್ತದೆ, ಸಂತೆಯಲ್ಲಿ "ಬರೇ 18 ಸಾವಿರ ಓಡೈತಿ ನೋಡ್ರಿ" ಅಂತ ಅದನ್ನೇ ತೋರಿಸೋ ಮಹಾನುಭಾವರೂ ಇದ್ದಾರೆ. ಅದಕ್ಕೆ ಜುಗಾಡ್ ಅನ್ನೋದಿಲ್ಲ, ಮೋಸ ಅಂತಾರೆ. ಹಳೆ ಮೀಟರ್ ಬಿಚ್ಚಿದ ದಿನ ಅದರ ಅಂಕಿ, ಹೊಸದರ ಅಂಕಿ ಎರಡನ್ನೂ ಬರೆದಿಡೋದು ಮರ್ಯಾದೆ.

ಅಳತೆ ಸರಿಯಾಯ್ತೋ ಇಲ್ಲವೋ ಅಂತ ನೋಡಲಿಕ್ಕೆ ಈಗ ಮೊಬೈಲಿನ ಜಿಪಿಎಸ್ ಇದೆ. ಅದೂ ಬೇಡ ಅಂದರೆ ಹೆದ್ದಾರಿಯ ಕಿಲೋಮೀಟರ್ ಕಲ್ಲು, ಕೈಗಡಿಯಾರ ಸಾಕು. ಕಲ್ಲಿನಿಂದ ಕಲ್ಲಿಗೆ 60 ಸೆಕೆಂಡ್ ಹಿಡಿದರೆ 60ರ ವೇಗ, 72 ಹಿಡಿದರೆ 50, 90 ಹಿಡಿದರೆ 40. ಒಬ್ಬರು ಓಡಿಸಲಿ, ಪಕ್ಕದಲ್ಲಿ ಕೂತವರು ಗಡಿಯಾರ ನೋಡಲಿ.

"ಇದೆಲ್ಲಾ ಹಳೆ ಕಥೆ, ನಾವು ಡಿಜಿಟಲ್ ಹಾಕ್ತೀವಿ" ಅನ್ನೋ ಹುಡುಗರಿಗೂ ಒಂದು ಮಾತು. ಡಿಜಿಟಲ್ ಮೀಟರ್ ಗಾಲಿಯ ಸುತ್ತು ಎಣಿಸ್ತದೆ, ಅಷ್ಟೇ. 18 ಇಂಚು ರಿಮ್ಮಿನ ಸಾಮಾನ್ಯ ಬೈಕಿನ ಗಾಲಿ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗ್ತದೆ. 29 ಇಂಚಿನ ಜೀಪ್ ಟೈರು 2.3 ಮೀಟರ್ ಹೋಗ್ತದೆ. ಸೆನ್ಸರ್ ಹಾಗೇ ತಂದು ಜೀಪಿನ ಗಾಲಿಗೆ ಬಿಗಿದರೆ 60ಕ್ಕೆ 49 ತೋರಿಸ್ತದೆ. ಅಂಕಿ ಹಸಿರು ದೀಪದಲ್ಲಿ ಚೆಂದ ಹೊಳೆದರೆ ಖರೆ ಆಗಿಬಿಡ್ತದಾ? ಗಾಲಿಯ ಸುತ್ತಳತೆ ತುಂಬಿಸಲಿಕ್ಕೆ ಬರೋ ಮೀಟರ್ ತಗೊಳ್ಳಿ, ಆಗ ಡಿಜಿಟಲ್ ನಿಜವಾಗಲೂ ಉಪಯೋಗ.

ಆರ್‌ಪಿಎಂ ಮೀಟರಿನದು ಬೇಗ ಹೇಳಿ ಮುಗಿಸ್ತೀನಿ. ಒಂದು ಸಿಲಿಂಡರಿನ ಬೈಕುಗಳಲ್ಲಿ ಹೆಚ್ಚಿನವು ಎಂಜಿನ್ನಿನ ಸುತ್ತಿಗೊಂದು ಕಿಡಿ ಹಾರಿಸ್ತವೆ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಸುತ್ತಿಗೆ ಎರಡು. ಬೈಕಿನದು ತಂದು ಹಾಕಿದರೆ 800 ಇದ್ದದ್ದು 1600 ಅಂತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಆಲ್ಟರ್ನೇಟರಿನಿಂದ ತಂತಿ ತರಬೇಕು.

ಪೆಟ್ರೋಲ್ ಗೇಜಿನ ಸುಳ್ಳು ಬೇರೆ ಥರ. ಟ್ಯಾಂಕಿನೊಳಗಿನ ತೇಲುಗುಂಡು ಮೇಲೆ ಕೆಳಗೆ ಆದ ಹಾಗೆ ರೆಸಿಸ್ಟೆನ್ಸ್ ಬದಲಾಗ್ತದೆ, ಮೀಟರ್ ಅದನ್ನ ಓದ್ತದೆ. ಆದರೆ ಎಲ್ಲರ ಲೆಕ್ಕ ಒಂದೇ ಅಲ್ಲ. ಯುರೋಪಿನ ವಿಡಿಓ ಪದ್ಧತಿಯಲ್ಲಿ ಖಾಲಿಗೆ 10 ಓಮ್, ತುಂಬಿದ್ದಕ್ಕೆ 180. ಜಪಾನಿನ ಗಾಡಿಗಳಲ್ಲಿ ಸಾಮಾನ್ಯವಾಗಿ ತುಂಬಿದಾಗ ಓಮ್ ಕಡಿಮೆ, ಖಾಲಿಯಾದಾಗ ಹೆಚ್ಚು. ಇದರ ತೇಲುಗುಂಡಿಗೆ ಅದರ ಮೀಟರ್ ಕೂಡಿಸಿದರೆ ಟ್ಯಾಂಕ್ ಖಾಲಿಯಾದ ಹಾಗೆಲ್ಲಾ ಮುಳ್ಳು 'ಫುಲ್' ಕಡೆ ಏರ್ತಾ ಹೋಗ್ತದೆ :-) ರಾತ್ರಿ ಹತ್ತಕ್ಕೆ ರೋಣ ಗಜೇಂದ್ರಗಡದ ನಡುವೆ ಗಾಡಿ ನಿಂತಾಗ ಮಾತ್ರ ನಗು ಬರೋದಿಲ್ಲ. ಬೈಕಿನ ಗೇಜು ಬೇಕೇ ಬೇಕು ಅಂದರೆ ಬೈಕಿನ ತೇಲುಗುಂಡನ್ನೂ ತಂದು ಕಾರಿನ ಟ್ಯಾಂಕಿನ ಆಳಕ್ಕೆ ಅದರ ಕಡ್ಡಿ ಹೊಂದಿಸಬೇಕು. ಜೋಡಿ ಒಡೀಬಾರದು.

ಇದೆಲ್ಲಕ್ಕಿಂತ ನನಗೆ ಹೆಚ್ಚು ಹೆದರಿಕೆ ಇರೋದು ಇಲ್ಲದ ಮೀಟರಿನ ಬಗ್ಗೆ. ನಮ್ಮ ಸಾಮಾನ್ಯ ಬೈಕುಗಳೆಲ್ಲಾ ಗಾಳಿಯಿಂದ ತಂಪಾಗೋ ಎಂಜಿನ್ನಿನವು, ಅವುಗಳ ಮೀಟರಿನಲ್ಲಿ ನೀರಿನ ಬಿಸಿ ತೋರಿಸೋ ಮುಳ್ಳೂ ಇಲ್ಲ, ಆಯಿಲ್ ಪ್ರೆಶರ್ ಮುಳ್ಳೂ ಇಲ್ಲ. ಹಳೆ ಡ್ಯಾಶ್‌ಬೋರ್ಡ್ ಪೂರ್ತಿ ಕಿತ್ತು "ಚೊಕ್ಕ ಕಾಣ್ತೈತಿ" ಅಂತ ಒಂದೇ ಬೈಕ್ ಮೀಟರ್ ನಡುವೆ ಕೂಡಿಸಿದ ಜೀಪುಗಳನ್ನ ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಾಲಕಾಲೇಶ್ವರಕ್ಕೆ ಅಂತ ಹತ್ತು ಮಂದಿ ತುಂಬಿಕೊಂಡು ಹೊರಟ ಹಳೆ ಎಂಜಿನ್ನಿನ ರೇಡಿಯೇಟರ್ ಕುದೀತಿದೆ ಅಂತ ಡ್ರೈವರಿಗೆ ತಿಳಿಸೋರು ಯಾರು? ಬಾನೆಟ್ಟಿನಿಂದ ಹಬೆ ಎದ್ದ ಮೇಲೆ ತಿಳೀತದೆ, ಅಷ್ಟೊತ್ತಿಗೆ ಹೆಡ್ ಗ್ಯಾಸ್ಕೆಟ್ ಹೋಗಿರ್ತದೆ, ಕೆಲವು ಸಲ ಹೆಡ್ಡೇ ಸೊಟ್ಟಗಾಗಿರ್ತದೆ. ವೇಗದ ಮೀಟರ್ ಸುಳ್ಳು ಹೇಳಿದರೂ ಜಾಣ ಡ್ರೈವರ್ ಗಾಳಿಯ ಸದ್ದಿನಿಂದ ಊಹೆ ಮಾಡಬಹುದು. ನೀರಿನ ಬಿಸಿಯನ್ನ ಯಾವ ಜಾಣನೂ ಸೀಟಿನಲ್ಲಿ ಕೂತು ಊಹಿಸಲಾರ. 52 ಮಿಲಿಮೀಟರಿನ ಗುಂಡನೆ ಟೆಂಪರೇಚರ್ ಗೇಜು, ಅದರದೇ ಸೆನ್ಸರ್ ಸಮೇತ, ಬೇರೆಯಾಗಿ ಸಿಗ್ತದೆ. ದುಡ್ಡು ಒಂದಕ್ಕೇ ಸಾಕಾಗ್ತದೆ ಅಂದರೆ ನಾನಾದರೆ ಮೊದಲು ಅದನ್ನ ಹಾಕಿಸ್ತೀನಿ, ಆಮೇಲೆ ಸ್ಪೀಡೋಮೀಟರ್.

ಹೊಸ ಕಾರುಗಳಿಗೆ, ಅದರಲ್ಲೂ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಿಗೆ, ಈ ಮಾತು ಯಾವುದೂ ಅನ್ವಯಿಸೋದಿಲ್ಲ. ಅವುಗಳ ಮೀಟರ್ ಎಂಜಿನ್ ಕಂಪ್ಯೂಟರಿನ ಜೊತೆ ಮಾತಾಡ್ತಿರ್ತದೆ, ಏರ್‌ಬ್ಯಾಗಿನ ದೀಪ, ಬ್ರೇಕಿನ ದೀಪ ಎಲ್ಲಾ ಅದರಲ್ಲೇ. ಅದನ್ನ ಕಿತ್ತು ಬೈಕಿನದು ಹಾಕ್ತೀನಿ ಅನ್ನೋದು ಹುಚ್ಚುತನ.

ಕಾನೂನಿನ ಮಾತೂ ಬರಬೇಕಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಗಾಡಿಯ ಮೂಲ ರಚನೆ ಬದಲಿಸೋದನ್ನ ತಡೀತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಬದಲಾವಣೆ ಒಂದೊಂದಕ್ಕೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತಲೂ ಸೇರಿತು. ಸತ್ತ ಮೀಟರ್ ಜಾಗಕ್ಕೆ ಸರಿ ಓದೋ ಮೀಟರ್ ಕೂಡಿಸೋದು ಗಾಡಿಯ ರಚನೆ ಬದಲಿಸಿದ ಹಾಗಲ್ಲ ಅಂತ ನನ್ನ ಅಭಿಪ್ರಾಯ. ಕೇಂದ್ರ ಮೋಟಾರು ವಾಹನ ನಿಯಮಗಳ 117ನೆಯದು ಕೇಳೋದೂ ಡ್ರೈವರಿಗೆ ವೇಗ ತಿಳಿಸೋ ಮೀಟರ್ ಇರಬೇಕು ಅಂತಲೇ. ಸುಳ್ಳು ಹೇಳೋ ಮೀಟರ್ ವೇಗ ತಿಳಿಸಿದ ಹಾಗಾಯ್ತಾ? ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿ ಮತ್ತೆ ಮಾಡಿಸುವಾಗ ತಪಾಸಣೆ ಅಂತ ಒಂದಿದೆಯಲ್ಲ, ಅಲ್ಲಿ ಮುಳ್ಳು ಏಳ್ತದೋ ಇಲ್ಲವೋ ನೋಡಿದರೆ ಸಾಲದು, ಎಲ್ಲಿಗೆ ಏಳ್ತದೆ ಅಂತ ನೋಡಬೇಕು.

ಈ ವಿಷಯದಲ್ಲಿ ಇಂಗ್ಲೆಂಡಿನವರನ್ನ ಮೆಚ್ಚಬೇಕು. ಅಲ್ಲಿ 1996ರಲ್ಲಿ ರಾನ್ ಚಾಂಪಿಯನ್ ಅನ್ನೋರು ಕಡಿಮೆ ದುಡ್ಡಿನಲ್ಲಿ ಮನೆಯಲ್ಲೇ ಸ್ಪೋರ್ಟ್ಸ್ ಕಾರ್ ಮಾಡೋ ಪುಸ್ತಕ ಬರೆದರು. (ಇಂಗ್ಲಿಷಿನಲ್ಲಿ ಅವರ ಹೆಸರೂ ನಮ್ಮ ರೋಣವೂ ಒಂದೇ ಮೂರಕ್ಷರ, ಬೇರೆ ಸಂಬಂಧವೇನಿಲ್ಲ!) ಅದನ್ನ ನೋಡಿ ಕಾರು ಕಟ್ಟಿದ ಎಷ್ಟೋ ಜನ ಬೈಕಿನ ಎಂಜಿನ್ನನ್ನೇ ಮೀಟರ್ ಸಮೇತ ಕೂಡಿಸಿದರು. ಸರ್ಕಾರ ಅವರನ್ನ ಓಡಿಸಲಿಲ್ಲ. 2009ರಿಂದ ಅಲ್ಲಿ ಐವಿಎ ಅನ್ನೋ ಪರೀಕ್ಷೆ ಇದೆ, ಅದಕ್ಕೆ ಮೊದಲು ಎಸ್‌ವಿಎ ಇತ್ತು. ಒಂದೇ ಒಂದು ಕಾರು ಕಟ್ಟಿದವನೂ ತಂದು ತೋರಿಸಿ ಪಾಸಾದರೆ ನಂಬರ್ ಪ್ಲೇಟ್ ಸಿಗ್ತದೆ. ಆ ಪರೀಕ್ಷೆಯಲ್ಲಿ ಸ್ಪೀಡೋಮೀಟರನ್ನೂ ಅಳೀತಾರೆ.

ನಮ್ಮಲ್ಲಿ? ನೆರೆಯ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯ ಕಮ್ಮಾರ ದತ್ತಾತ್ರೇಯ ಲೋಹಾರ್ ಗುಜರಿ ಸಾಮಾನಿನಿಂದ, ಸುಮಾರು 60 ಸಾವಿರ ರೂಪಾಯಿಯಲ್ಲಿ, ಬೈಕಿನ ಹಾಗೆ ಕಿಕ್ ಹೊಡೆದು ಸ್ಟಾರ್ಟ್ ಮಾಡೋ ಪುಟ್ಟ ಜೀಪು ಕಟ್ಟಿದ್ದು ನೆನಪಿರಬೇಕು. 2021ರ ಡಿಸೆಂಬರಿನಲ್ಲಿ ಆನಂದ್ ಮಹೀಂದ್ರಾ ಅದನ್ನ ಮೆಚ್ಚಿ ಹೊಗಳಿದರು. ನಿಯಮಕ್ಕೆ ಹೊಂದದ ಗಾಡಿ, ಇವತ್ತಲ್ಲ ನಾಳೆ ತಡೀತಾರೆ ಅಂತ ಹೇಳಿ ಬದಲಿಗೆ ಬೊಲೆರೋ ಕೊಡೋದಾಗಿಯೂ ಹೇಳಿದರು, 2022ರ ಜನವರಿಯಲ್ಲಿ ಕೊಟ್ಟರು ಕೂಡ. ದೊಡ್ಡ ಮನಸ್ಸು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಜೀಪನ್ನ ತಂದು ನಿಲ್ಲಿಸಿ "ಬ್ರೇಕ್ ಇಷ್ಟು ಸರಿ ಮಾಡು, ಮೀಟರ್ ಇಷ್ಟು ಸರಿ ಮಾಡು, ಆಮೇಲೆ ಓಡಿಸು" ಅಂತ ಹೇಳೋ ಒಂದು ಕಟ್ಟೆ ನಮ್ಮ ದೇಶದಲ್ಲಿ ಇರಬೇಕಿತ್ತಲ್ವಾ? ಅಂಥದ್ದು ಇಲ್ಲದ್ದಕ್ಕೇ ನಮ್ಮ ಕೈಕೆಲಸದವರು ಕದ್ದು ಮಾಡ್ತಾರೆ. ಕದ್ದು ಮಾಡೋದರಲ್ಲಿ ಅಳತೆ ತಪ್ಪಿದರೆ ಕೇಳೋರಿಲ್ಲ. ಆ ಕಟ್ಟೆ ಬರೋವರೆಗೆ ಅಳತೆ ನೋಡೋ ಕೆಲಸ ಗಾಡಿ ಕಟ್ಟಿಸಿದವರದೇ.

ನನ್ನ ಸಲಹೆ ಸಣ್ಣದು. ಬೈಕ್ ಮೀಟರ್ ಕೂಡಿಸಿಕೊಟ್ಟ ಮಿಸ್ತ್ರಿಗೆ ದುಡ್ಡು ಕೊಡೋ ಮೊದಲು ಅವರನ್ನೂ ಜೀಪಿನಲ್ಲಿ ಕೂಡಿಸಿಕೊಂಡು ಹೆದ್ದಾರಿಗೆ ಹೋಗಿ. 40ಕ್ಕೆ ಎಷ್ಟು ತೋರಿಸ್ತು, 60ಕ್ಕೆ ಎಷ್ಟು ತೋರಿಸ್ತು ಅಂತ ಚೀಟಿ ಬರೆದು, ಕೇಬಲಿನ ಸುತ್ತು, ಟೈರಿನ ಅಳತೆ, ಹಳೆ ಮೀಟರಿನ ಕೊನೆಯ ಅಂಕಿ ಎಲ್ಲಾ ಅದರಲ್ಲೇ ಸೇರಿಸಿ ಡ್ಯಾಶ್‌ಬೋರ್ಡಿನ ಹಿಂದೆ ಅಂಟಿಸಿಬಿಡಿ. ನಾಳೆ ಟೈರ್ ಬದಲಿಸಿದವರಿಗೂ, ಗಾಡಿ ಕೊಂಡವರಿಗೂ ಅದು ಬೇಕಾಗ್ತದೆ.

ಅಂದ ಹಾಗೆ, ಚೆಂದ ಕಾಣ್ತದೆ ಅಂತ ಹಳೆ ಜಾವಾದ ಮೀಟರ್ ತಂದು ಹಾಕೋರು ಅದರ ಬಲ್ಬ್ ಬದಲಿಸೋದು ಮರೀಬೇಡಿ. ಮೈಸೂರಿನಲ್ಲಿ ತಯಾರಾಗ್ತಿದ್ದ ಆ ಬೈಕು 6 ವೋಲ್ಟಿನದು, ನಿಮ್ಮ ಜೀಪು 12ರದು. ದೀಪ ಹಾಕಿದ ಮೊದಲ ರಾತ್ರಿಯೇ ಬಲ್ಬ್ ಸುಟ್ಟು ಹೋಗ್ತದೆ.